ಓದದೆ ಹಾಕಿದ ಸಹಿ

ಕೊಲ್ಲಿಯ ಶಾಲೆಯ ಕೆಲಸ ಬಿಟ್ಟು ಹೊನ್ನಾವರಕ್ಕೆ ಬಂದ ಮೇಲೆ ಸುಮಾರು ಎರಡು ತಿಂಗಳು ನಾನು ಮನೆಯಲ್ಲಿ ಒಂದು ಕಡೆ ಕೂತವಳಲ್ಲ. ಅಕ್ಕಿ ಆರಿಸಲು ಮೊರ ಹಿಡಿದರೆ ಅರ್ಧಕ್ಕೇ ಎದ್ದು ಫೋನು ನೋಡುತ್ತಿದ್ದೆ. ಬಟ್ಟೆ ಒಣಹಾಕಲು ಹೋದರೆ ಎರಡು ಸೀರೆ ಹಾಕಿ, ಬಕೆಟ್ಟನ್ನು ಅಲ್ಲೇ ಬಿಟ್ಟು ಮತ್ತೆ ಒಳಗೆ ಬರುತ್ತಿದ್ದೆ. ಬ್ಯಾಂಕಿನಿಂದ ಸಂದೇಶ ಬಂತೇನೋ ಎಂದು ನೋಡಿದರೆ ಗ್ಯಾಸ್ ಬುಕಿಂಗ್‌ನದ್ದೋ ರೀಚಾರ್ಜಿನದ್ದೋ ಇರುತ್ತಿತ್ತು. ಪಿಯುಸಿ ಓದುವ ಮಗಳು ಒಂದು ದಿನ, "ಅಮ್ಮಾ, ನೀನು ಸ್ವಲ್ಪ ಕೂತ್ಕೊ. ನಿನ್ನ ನೋಡಿ ನೋಡಿ ನಂಗೇ ಸುಸ್ತಾಗ್ತದೆ," ಅಂದಳು. ಕೂತೆ. ಅವಳು ಪುಸ್ತಕದ ಪುಟ ಮಗುಚುವಷ್ಟರಲ್ಲಿ ಎದ್ದಿದ್ದೆ.

ನಾನು ಗಣಿತ ಕಲಿಸುವವಳು. ಕುಮಟೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಕಲಿಸಿದ್ದೆ. ಅಲ್ಲಿನ ಸಂಬಳ ನಾಲ್ಕು ಜನರೆದುರು ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಕಾಲೇಜಿನಲ್ಲಿ ನನಗೆ ಪಾಠ ಮಾಡಿದ್ದ ಸರ್ ಒಬ್ಬರು ನಿವೃತ್ತರಾದ ಮೇಲೆ, ಕೊಲ್ಲಿ ದೇಶಗಳ ಭಾರತೀಯ ಶಾಲೆಗಳಿಗೆ ನಮ್ಮ ಕಡೆಯ ಶಿಕ್ಷಕರನ್ನು ಕಳಿಸುವ ಕೆಲಸ ಹಿಡಿದಿದ್ದರು. "ನಿನ್ನಂಥವಳು ಇಲ್ಲಿ ಎಂತಕ್ಕೆ ಸವೆದು ಹೋಗ್ತೀಯ?" ಎಂದು ಅವರೇ ಕರೆದು ಹೇಳಿದ್ದರು. ಹೋಗುತ್ತೇನೆಂದು ಹಟ ಹಿಡಿದವಳು ನಾನು. ನನ್ನ ಗಂಡ ಹೊನ್ನಾವರದ ಪೇಟೆಯಲ್ಲಿ ನೀರಿನ ಪಂಪಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿ ಇಟ್ಟವರು. ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಎರಡೂವರೆ ವರ್ಷ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಮಗಳಿಗೆ ಅಡುಗೆ ಮಾಡಿ ಹಾಕಿದರು.

ಮೊದಲ ಎರಡು ವರ್ಷ ಶಾಲೆ ಚೆನ್ನಾಗಿತ್ತು. ಆಮೇಲೆ ಆಡಳಿತ ಬೇರೆಯವರ ಕೈಗೆ ಹೋಯಿತು. ಸಂಬಳ ಮೊದಲು ವಾರ ತಡವಾಯಿತು, ಆಮೇಲೆ ಹದಿನೈದು ದಿನ, ಆಮೇಲೆ ನಿಂತೇ ಹೋಯಿತು. ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಂದು ಮೀಟಿಂಗಿನಲ್ಲಿ ನಾನು ಎದ್ದು ನಿಂತು ಕೇಳಿದೆ. ಪ್ರಿನ್ಸಿಪಾಲರು ನಗುತ್ತಲೇ, ಮಕ್ಕಳ ಮೇಲೆ ನಿಜವಾದ ಪ್ರೀತಿ ಇರುವ ಶಿಕ್ಷಕರು ಹೀಗೆ ಎದ್ದು ಸಂಬಳ ಕೇಳುವುದಿಲ್ಲ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅಷ್ಟೇ. ಮರುದಿನ ಬೆಳಗ್ಗೆ ಒಂಬತ್ತನೆಯ ತರಗತಿಗೆ ತ್ರಿಕೋನಮಿತಿ ಹೇಳಿದೆ. ಆ ಪೀರಿಯಡ್ಡು ಮುಗಿಸಿ ಹೋಗಿ ರಾಜೀನಾಮೆ ಕೊಟ್ಟೆ.

ಹೊರಡುವ ದಿನ ಶಾಲೆಯ ಆಫೀಸಿನವನು ನನ್ನ ಪಾಸ್‌ಪೋರ್ಟು, ಅದರ ಮೇಲೆ ಟಿಕೆಟ್ಟು ಇಟ್ಟ. ಪಕ್ಕದಲ್ಲಿ ಅರಬ್ಬಿಯಲ್ಲಿ ಟೈಪು ಮಾಡಿದ ಒಂದು ಕಾಗದ. ಅದರಲ್ಲಿ ನನಗೆ ಓದಲು ಬಂದದ್ದು ಇಂಗ್ಲಿಷಿನಲ್ಲಿದ್ದ ನನ್ನ ಹೆಸರು ಮಾತ್ರ. ಟಿಕೆಟ್ಟು ತೆಗೆದುಕೊಂಡಿದ್ದಕ್ಕೆ ಸಹಿ ಎಂದ. ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. ಸಹಿ ಹಾಕಿದೆ. ಬಾಕಿ ಸಂಬಳ ತಿಂಗಳೊಳಗೆ ಊರಿನ ಖಾತೆಗೆ ಬರುತ್ತದೆ ಎಂದೂ ಅವನೇ ಹೇಳಿದ. ಯಾಕೋ ಏನೋ, ಟ್ಯಾಕ್ಸಿಯಲ್ಲಿ ಕೂತ ಮೇಲೆ ಆ ಕಾಗದದ ನಕಲು ಬೇಕೆನ್ನಿಸಿ ಮತ್ತೆ ಮೇಲೆ ಹೋಗಿ, ಅವನು ಬೇಡ ಬೇಡ ಅನ್ನುವಷ್ಟರಲ್ಲಿ ಫೋನಿನಲ್ಲಿ ಫೋಟೋ ಹೊಡೆದುಕೊಂಡೆ.

ಮನೆಯಲ್ಲಿ ಹೇಳಿದ್ದು ಒಂದೇ ಮಾತು: ಒಪ್ಪಂದ ಮುಗಿಯಿತು, ಕೊನೆಯ ಸಂಬಳ ಆಮೇಲೆ ಹಾಕುತ್ತಾರೆ. ಗಂಡ ಒಂದು ತಿಂಗಳದ್ದು ಎಂದುಕೊಂಡರು. ನಾನು ತಿದ್ದಲಿಲ್ಲ. ಅವರು ಬಿಸಿ ಬಾಣಲೆಯಲ್ಲಿ ಕೈ ಸುಟ್ಟುಕೊಂಡ ಕಲೆ ಎಡಗೈಯ ಮೇಲೆ ಇನ್ನೂ ಇತ್ತು. ಕೊನೆಯ ಮೂರು ತಿಂಗಳು ಅವರು ಹಾಗೆ ಬೇಯಿಸಿದ್ದೂ ನಾನು ಅಲ್ಲಿ ಕಲಿಸಿದ್ದೂ ಪುಕ್ಕಟೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಹಿರೇಗುತ್ತಿಯಿಂದ ತಾಯಿ ಮಗಳು ಇಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಹುಡುಗಿ ಎಂಎಸ್ಸಿ ಮಾಡಿದವಳು, ಬಿ.ಇಡಿ ಆಗಿ ಎರಡು ವರ್ಷ. ತಾಯಿ ಬಟ್ಟೆ ಚೀಲದಲ್ಲಿ ತಮ್ಮ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆದ ಕಗ್ಗದ ಅಕ್ಕಿ ತಂದಿದ್ದರು. ಚೀಲ ನನ್ನ ಕೈಗೇ ಕೊಟ್ಟು, "ಅಕ್ಕೋರೆ, ನೀವು ಬಿಟ್ಟು ಬಂದ ಜಾಗಕ್ಕೇ ಇವಳು ಹೋಗೂದಂತೆ. ಸರ್ ಹೇಳಿದ್ರು. ಅದ್ಕೇ ಒಂದ್ ಮಾತು ಕೇಳ್ಕಂಡ್ ಹೋಗುವಾ ಅಂತ ಬಂದ್ವಿ," ಅಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು.

ನಾನು ಚಹಾ ಮಾಡಲು ಒಳಗೆ ಹೋದೆ. ಒಲೆಯ ಮುಂದೆ ಬಹಳ ಹೊತ್ತು ನಿಂತೆ. ಹೊರಗೆ ಬಂದಾಗ ಹುಡುಗಿ ಒಂದು ನೋಟ್‌ಬುಕ್ಕು ತೆಗೆದು ಕೂತಿದ್ದಳು. ತರಗತಿಯಲ್ಲಿ ಎಷ್ಟು ಮಕ್ಕಳು, ಉಳಿಯಲು ರೂಮು ಹೇಗೆ, ಸೀರೆ ಉಡಬೇಕಾ ಚೂಡಿದಾರ ನಡೆಯುತ್ತದಾ, ಎಲ್ಲ ಕೇಳಿ ಬರೆದುಕೊಂಡಳು. ಕೊನೆಗೆ ಸ್ವಲ್ಪ ನಾಚಿಕೆಯಿಂದ, "ಸಂಬಳ ಸಮಾ ಕೊಡ್ತಾರಲ್ಲ ಮೇಡಂ?" ಅಂದಳು.

"ಕೊಡ್ತಾರೆ," ಅಂದೆ. "ಒಂದೊಂದ್ ಸಲ ನಾಲ್ಕು ದಿನ ಆಚೀಚೆ ಆಗ್ತದೆ."

ಅವಳು ಅದನ್ನೂ ಬರೆದುಕೊಂಡಳು.

ಯಾಕೆ ಹಾಗೆ ಹೇಳಿದೆ ಎಂದು ನೂರು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಿಜ ಹೇಳಿದರೆ ಅದು ಸರ್ ಕಿವಿಗೆ ಹೋಗುತ್ತದೆ, ಅಲ್ಲಿಂದ ಶಾಲೆಗೆ ಹೋಗುತ್ತದೆ, ನನ್ನ ಹಣ ಅಲ್ಲಿಗೇ ಮುಳುಗುತ್ತದೆ ಎಂಬ ಹೆದರಿಕೆ ಒಂದು. ಗಂಡನಿಗೆ ಹೇಳದ್ದನ್ನು ಗುರುತಿಲ್ಲದವರ ಮುಂದೆ ಹೇಗೆ ಹೇಳಲಿ ಎಂಬ ನಾಚಿಕೆ ಇನ್ನೊಂದು. ಅವರು ಹೋದ ಮೇಲೆ ಗೇಟಿನವರೆಗೆ ಎರಡು ಸಲ ಹೋಗಿ ಬಂದೆ. ಅಷ್ಟರಲ್ಲಿ ಅವರು ಬಸ್ ಸ್ಟ್ಯಾಂಡು ಮುಟ್ಟಿರಬೇಕು.

ಗಂಡನಿಗೆ ಗೊತ್ತಾದದ್ದು ಅಂಗಡಿಯಲ್ಲಿ. ಚಹಾದ ಫ್ಲಾಸ್ಕು ಕೊಟ್ಟು ಬರಲು ಹೋಗಿದ್ದೆ. ಅವರು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ನನ್ನ ಫೋನಿಗೆ ವಾಯ್ಸ್ ಮೆಸೇಜು ಬಂತು. ಅಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ, ಈಗಲೂ ಅದೇ ಶಾಲೆಯಲ್ಲಿರುವ ಕೇರಳದ ಗೆಳತಿಯದ್ದು. ಒತ್ತಿದ ಕೂಡಲೇ ಅವಳ ದನಿ ಇಡೀ ಅಂಗಡಿಗೆ ಕೇಳಿತು. ನಿನ್ನ ಮೂರು ತಿಂಗಳದ್ದನ್ನು ಕೊಟ್ಟರಾ, ನಮಗೆ ಇದು ಐದನೆಯ ತಿಂಗಳು, ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು.

ಗಂಡ ತಲೆ ಎತ್ತಲಿಲ್ಲ. ತಂತಿ ಸುತ್ತುವಾಗ ಸುತ್ತು ಎಣಿಸುತ್ತಿರಬೇಕು, ತಪ್ಪಿದರೆ ಎಲ್ಲ ಬಿಚ್ಚಿ ಮೊದಲಿಂದ ಶುರು. ಅವರ ತುಟಿ ಅಲುಗುತ್ತಲೇ ಇತ್ತು. ಆ ಸುರುಳಿ ಮುಗಿಸಿ, ತುದಿ ಕತ್ತರಿಸಿ, ಕೈ ಒರೆಸಿಕೊಂಡರು.

"ಮೂರು ತಿಂಗಳದ್ದಾ?"

"ಹೌದು."

"ನಂಗೆ ಎಂತಕ್ಕೆ ಹೇಳ್ಲಿಲ್ಲ?"

ನಾನು ಫೋನಿನಲ್ಲಿದ್ದ ಆ ಅರಬ್ಬಿ ಕಾಗದದ ಫೋಟೋ ತೆಗೆದು ಅವರ ಮುಂದೆ ಹಿಡಿದೆ. ಅವರು ಅದನ್ನು ಒಮ್ಮೆ ನೋಡಿದರು. "ಭಟ್ಕಳದಲ್ಲಿ ಒಬ್ರು ಸಾಹೇಬ್ರು ಇದ್ದಾರೆ, ನಮ್ಮ ಗಿರಾಕಿ. ಮೂವತ್ತು ವರ್ಷ ಅಲ್ಲೇ ಕೊಲ್ಲೀಲಿ ಕಂಪನಿಯ ಕಾಗದಪತ್ರ ಸರ್ಕಾರಿ ಆಫೀಸಿಗೆ ಒಯ್ಯೂ ಕೆಲಸ ಮಾಡಿದವ್ರು. ಅರಬ್ಬಿ ಗೊತ್ತು. ನಾಳೆ ಹೋಗುವಾ," ಅಂದರು. ಆಮೇಲೆ, ನಾನು ಮೆಟ್ಟಿಲು ಇಳಿಯುವಾಗ, "ಬೈತೇನೆ ಅಂತ ಹೆದ್ರಿದ್ಯಾ?" ಎಂದು ಕೇಳಿದರು. ಹೆದರಿಕೆ ಅದಲ್ಲ ಎಂದು ವಿವರಿಸಿ ಹೇಳಲು ನನಗೆ ಆಗಲೂ ಬರಲಿಲ್ಲ.

ಮರುದಿನ ಸ್ಕೂಟರಿನಲ್ಲಿ ಹೊರಟೆವು. ಶರಾವತಿ ಸೇತುವೆ, ಅಪ್ಸರಕೊಂಡದ ತಿರುವು, ಮುರ್ಡೇಶ್ವರದ ಕ್ರಾಸು ಎಲ್ಲ ದಾಟಿದೆವು. ಭಟ್ಕಳದ ಹಳೇ ಓಣಿಯೊಂದರಲ್ಲಿ ಸಾಹೇಬರ ಮನೆ. ಎಪ್ಪತ್ತರ ಹತ್ತಿರದ ಮನುಷ್ಯ, ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಒಳಗೆ ಹೆಂಡತಿಗೆ ತಮ್ಮ ನವಾಯತಿ ಭಾಷೆಯಲ್ಲಿ ಚಹಾಕ್ಕೆ ಹೇಳಿ, ನನ್ನ ಫೋನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಆ ಫೋಟೋ ಓದಿದರು. ಒಮ್ಮೆ ಓದಿದರು. ದೊಡ್ಡದು ಮಾಡಿ ಇನ್ನೊಮ್ಮೆ ಓದಿದರು.

"ಟೀಚರ್, ಇದ್ರಲ್ಲಿ ಎಂತ ಬರೆದಿದೆ ಅಂತ ಹೇಳಿದ್ರು ನಿಮ್ಗೆ?"

"ಟಿಕೆಟ್ಟು ಸಿಕ್ತು ಅಂತ."

"ಟಿಕೆಟ್ಟಿನ ಮಾತೇ ಇಲ್ಲ. ಇಲ್ಲೀವರೆಗಿನ ಪೂರಾ ಸಂಬಳ ಬಂತು, ಕೆಲಸ ಬಿಡುವಾಗ ಸಿಗಬೇಕಾದ ಹಣವೂ ಬಂತು, ಇನ್ನು ಶಾಲೆಯಿಂದ ನಂಗೆ ಎಂತದ್ದೂ ಬರೂದಿಲ್ಲ ಅಂತ ಇದೆ. ಕೆಳಗೆ ನಿಮ್ಮ ಸಹಿ."

ಎದ್ದು ನಿಂತೆ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತೆ. ಹದಿನಾಲ್ಕು ವರ್ಷ ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಹೇಳುತ್ತ ಬಂದವಳು ನಾನು. ಗಂಡ, "ಹಾಗಾದ್ರೆ ಮುಗೀತಾ ಸಾಹೇಬ್ರೆ?" ಎಂದು ಕೇಳಿದರು.

"ಮುಗೀಲಿಲ್ಲ," ಅಂದರು ಸಾಹೇಬರು. "ಆ ದೇಶದಲ್ಲಿ ಸಂಬಳ ಬ್ಯಾಂಕಿನ ಮೂಲಕವೇ ಕೊಡಬೇಕು, ಕಾನೂನು. ಕೈಯಲ್ಲಿ ಕೊಟ್ಟೆ ಅಂದ್ರೆ ನಡೆಯೂದಿಲ್ಲ. ಆ ಮೂರು ತಿಂಗಳು ನಿಮ್ಮ ಖಾತೆಗೆ ದುಡ್ಡು ಬರ್ಲಿಲ್ಲ ಅಂತ ಬ್ಯಾಂಕಿನ ಸ್ಟೇಟ್‌ಮೆಂಟು ತೋರ್ಸಬೇಕು. ಅದು ಸಿಕ್ಕಿದ್ರೆ ಕಾರ್ಮಿಕ ಇಲಾಖೆಗೆ ಇಲ್ಲಿಂದಲೇ ದೂರು ಹಾಕುವಾ. ಆದ್ರೆ ತಡ ಮಾಡ್ಬೇಡಿ, ಅದಕ್ಕೂ ವಾಯಿದೆ ಇದೆ."

ಚಹಾ ಬಂತು. ಸಾಹೇಬರು ಕುಡಿಯಲಿಲ್ಲ. ಫೋನಿನಲ್ಲಿದ್ದ ಆ ಕಾಗದವನ್ನೇ ನೋಡುತ್ತಿದ್ದರು.

"ನಿಮ್ಗೆ ಒಂದು ಮಾತು ಹೇಳ್ಬೇಕು," ಅಂದರು. "ಇಂಥಾ ಕಾಗದಕ್ಕೆ ನಾನೇ ಎಷ್ಟೋ ಜನರ ಸಹಿ ಹಾಕ್ಸಿದ್ದೇನೆ. ಕಂಪನಿ ಕೊಡೂದು, ನಾನು ಒಯ್ದು ಮೇಜಿನ ಮೇಲೆ ಇಡೂದು. ಎಲ್ಲಾ ಊರಿಗೆ ಹೋಗೂ ಗಡಿಬಿಡಿಯಲ್ಲಿ ಇರ್ತಿದ್ರು. ಇದ್ರಲ್ಲಿ ಎಂತ ಬರೆದಿದೆ, ಓದಿ ಹೇಳಿ ಅಂತ ಕೇಳಿದವ್ನು ಒಬ್ಬನೇ. ಅವ್ನಿಗೂ ನಾನು ಸುಳ್ಳೇ ಹೇಳಿದೆ. ಮಕ್ಕಳು ಸಣ್ಣವಿದ್ವು, ನೌಕರಿ ಬೇಕಿತ್ತು ನಂಗೆ."

ನನಗೆ ಹಿರೇಗುತ್ತಿಯ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದದ್ದು ಕಣ್ಣ ಮುಂದೆ ಬಂತು.

ಸ್ಟೇಟ್‌ಮೆಂಟು ಪಡೆಯುವುದು ಸುಲಭವಿರಲಿಲ್ಲ. ಅಲ್ಲಿ ಸಂಬಳ ಬರುತ್ತಿದ್ದ ಬ್ಯಾಂಕಿನ ವೆಬ್‌ಸೈಟು ತೆರೆದರೆ ಓಟಿಪಿ ಬರುವುದು ಅಲ್ಲಿನ ನಂಬರಿಗೆ. ಆ ಸಿಮ್ಮನ್ನು ನಾನು ಬರುವಾಗ ರೂಮಿನ ಕಸದ ಬುಟ್ಟಿಗೆ ಹಾಕಿ ಬಂದಿದ್ದೆ. ಬ್ಯಾಂಕಿಗೆ ಮೇಲ್ ಬರೆದರೆ, ನೋಂದಾಯಿತ ನಂಬರಿನಿಂದ ಸಂಪರ್ಕಿಸಿ ಎಂಬ ಒಂದೇ ಉತ್ತರ. ಮೂರು ವಾರ ಹೀಗೇ ಕಳೆಯಿತು. ಒಂದು ದಿನ ಸಿಟ್ಟಿನಲ್ಲಿ ಕೇರಳದ ಗೆಳತಿಗೆ ಇದನ್ನೆಲ್ಲ ಹೇಳಿಕೊಂಡಾಗ ಅವಳು, "ಆ ಸಿಮ್ ನನ್ನ ಹತ್ರ ಉಂಟು. ಅದರಲ್ಲಿ ಸ್ವಲ್ಪ ಬ್ಯಾಲೆನ್ಸ್ ಇತ್ತು ಅಂತ ತೆಗೆದಿಟ್ಟೆ," ಎಂದಳು. ಅವಳಿಗೆ ಕನ್ನಡ ಬರುವುದಿಲ್ಲ, ಹಿಂದಿಯಲ್ಲಿ ಹೇಳಿದ್ದು. ನಾನು ಮಾತ್ರ ಕನ್ನಡದಲ್ಲಿ ಕಿರುಚಿದೆ.

ಸಾಹೇಬರ ಮನೆಯ ಲ್ಯಾಪ್‌ಟಾಪಿನ ಮುಂದೆ ಕೂತೆವು. ಅಲ್ಲಿ ಗಡಿಯಾರ ಒಂದೂವರೆ ತಾಸು ಹಿಂದೆ. ಗೆಳತಿ ಮೊದಲ ಪೀರಿಯಡ್ಡಿಗೆ ಮುಂಚೆ ಶಾಲೆಯ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ನಿಂತಿದ್ದಳು. ನನಗೆ ಸಹಾಯ ಮಾಡುವುದು ಯಾರಿಗಾದರೂ ತಿಳಿದರೆ ಅವಳ ಕೆಲಸವೂ ಹೋಗುತ್ತಿತ್ತು. ಮೊದಲ ಓಟಿಪಿ ಅವಳು ಪಿಸುದನಿಯಲ್ಲಿ ಹೇಳಿದ್ದು ನನಗೆ ಅರ್ಧ ಕೇಳಲಿಲ್ಲ. ಎರಡನೆಯದನ್ನು ಸರಿಯಾಗಿ ಹೇಳಿದಳು, ನೆಟ್ ನಿಂತಿತು. ಸಾಹೇಬರ ಹೆಂಡತಿ ಒಳಗಿಂದ ಬಂದು ಏನೋ ಅಂದರು.

"ಎಂತ ಹೇಳಿದ್ರು?" ಎಂದು ಕೇಳಿದೆ.

"ರೂಟರನ್ನು ಮೇಜಿನ ಮೇಲೆ ಇಡಿ ಅಂತ. ನಾಲ್ಕು ದಿನದಿಂದ ಹೇಳ್ತಾ ಇದ್ಳು, ನಾನು ಕೇಳ್ಲಿಲ್ಲ," ಅಂದರು ಸಾಹೇಬರು.

ಮೂರನೆಯ ಸಲ ಗೆಳತಿ ಒಂದೊಂದೇ ಅಂಕಿ ಹೇಳಿದಳು. ಹಿಂದೆ ಶಾಲೆಯ ಬೆಲ್ಲು ಹೊಡೆಯುವುದು ಕೇಳುತ್ತಿತ್ತು. ನಾಲ್ಕು, ಸೊನ್ನೆ, ಒಂಬತ್ತು... ಸಾಹೇಬರು ಒಂದೇ ಬೆರಳಿನಿಂದ ಒತ್ತಿದರು. ಪುಟ ತೆರೆಯಿತು. ಆ ಮೂರು ತಿಂಗಳ ಸಾಲಿನಲ್ಲಿ ಶಾಲೆಯಿಂದ ಬಂದದ್ದು ಏನೂ ಇರಲಿಲ್ಲ. ಖಾಲಿ ಖಾತೆ ನೋಡಿ ಅಷ್ಟು ಸಂತೋಷಪಟ್ಟದ್ದು ನಾನು ಆ ದಿನ ಒಂದೇ.

ಅದೇ ದಿನ ಸಾಹೇಬರು ಅರಬ್ಬಿಯಲ್ಲಿ ದೂರು ಬರೆದರು. ಪ್ರತಿ ವಾಕ್ಯ ಬರೆದು ಅದನ್ನು ಕನ್ನಡದಲ್ಲಿ ನನಗೆ ಹೇಳಿ, ನಾನು ಸೈ ಅಂದ ಮೇಲೆ ಮುಂದಿನದು.

ದೂರು ಹಾಕಿ ಹತ್ತು ದಿನವಾಗಿರಬೇಕು, ಕುಮಟೆಯಿಂದ ಸರ್ ಫೋನು ಮಾಡಿದರು. ಮನೆಗೆ ಬಾ ಅಂದರು. ಕಾಲೇಜಿನ ದಿನಗಳ ರೂಢಿ, ಅವರು ಬಾ ಅಂದರೆ ಇಲ್ಲವೆನ್ನಲು ಬರುವುದಿಲ್ಲ. ಹೋದೆ. ಅವರ ಹೆಂಡತಿ ಅವಲಕ್ಕಿ ಕೊಟ್ಟರು. ಸರ್ ನೆಟ್ಟಗೆ ವಿಷಯಕ್ಕೆ ಬಂದರು.

"ಕಂಪ್ಲೇಂಟು ವಾಪಸ್ ತಗೋ. ಎರಡು ತಿಂಗಳದ್ದನ್ನ ಈ ವಾರವೇ ಹಾಕ್ತಾರೆ. ನಾನು ಮಾತಾಡಿದ್ದೇನೆ."

"ಮೂರು ತಿಂಗಳದ್ದು ಸರ್."

"ಗೊತ್ತು. ಕೋರ್ಟು ಕಚೇರಿ ಅಂತ ಅಲೆದ್ರೆ ಅದೂ ಇಲ್ಲ ಇದೂ ಇಲ್ಲ ಆಗ್ತದೆ. ನಿನ್ನ ಸಹಿ ಇದೆ ಅವರ ಹತ್ರ." ಅವಲಕ್ಕಿಯ ತಟ್ಟೆ ನನ್ನ ಕಡೆ ಸರಿಸಿದರು. "ಮತ್ತೆ, ಆ ಹಿರೇಗುತ್ತಿ ಹುಡುಗಿ ಮುಂದಿನ ವಾರ ಹೊರಡ್ತಾಳೆ. ಅವಳ ತಲೇಲಿ ಎಂತದ್ದೂ ಹುಳ ಬಿಡ್ಬೇಡ. ಅಲ್ಲಿ ಹೊಸ ಪಾಲುದಾರರು ಬಂದಿದ್ದಾರೆ, ಇನ್ನು ಎಲ್ಲಾ ಸರಿ ಆಗ್ತದೆ."

"ಸರಿ ಆಗ್ತದೆ ಅಂತ ನಿಮ್ಗೆ ಖಾತ್ರಿ ಇದ್ಯಾ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ನಾನು ಇನ್ನೂ ಮೂರು ಜನರನ್ನ ಕಳಿಸ್ತೇನೆ ಅಂತ ಮಾತು ಕೊಟ್ಟಾಗಿದೆ," ಅಂದರು. ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದೆ.

ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ ಹೊನ್ನಾವರದ ಬಸ್ಸು ನಿಂತಿತ್ತು. ಹತ್ತಿದೆ, ಸೀಟೂ ಸಿಕ್ಕಿತು. ಕಿಟಕಿಯಿಂದ ನೋಡಿದರೆ ಎದುರಿಗೆ ಹಿರೇಗುತ್ತಿಯ ಮೇಲೆ ಹೋಗುವ ಅಂಕೋಲೆಯ ಬಸ್ಸು. ಎರಡು ತಿಂಗಳ ಸಂಬಳ ಈ ವಾರವೇ ಎಂಬ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮಗಳ ಸಿಇಟಿ ಕೋಚಿಂಗಿನ ಫೀಸು ಕಟ್ಟುವುದಿತ್ತು. ಕಂಡಕ್ಟರು ಟಿಕೆಟ್ಟು ಕೇಳುತ್ತ ನನ್ನ ಸಾಲಿಗೆ ಬಂದ. ನಾನು, "ಸ್ವಲ್ಪ ಜಾಗ ಬಿಡಿ," ಎಂದು ಜನರನ್ನು ದಾಟಿ ಇಳಿದೆ. ಅಂಕೋಲೆಯ ಬಸ್ಸು ಆಗಲೇ ಹೊರಟಿತ್ತು. ಕೈ ಮಾಡಿ ನಿಲ್ಲಿಸಿ ಹತ್ತಿದೆ.

ಹಿರೇಗುತ್ತಿಯಲ್ಲಿ ಇಳಿದು ಮನೆ ಕೇಳಿಕೊಂಡು ಹೋದೆ. ಹುಡುಗಿ ಅಂಗಳದಲ್ಲಿ ಹೊಸ ಸೂಟ್‌ಕೇಸಿನ ಬೀಗದ ನಂಬರು ತಿರುಗಿಸಿ ನೋಡುತ್ತಿದ್ದಳು. ನನ್ನನ್ನು ಕಂಡು ನಗುತ್ತ ಎದ್ದಳು. ಕೂರಿ ಅನ್ನುವ ಮೊದಲೇ ನಾನು ಹೇಳಿಬಿಟ್ಟೆ. ನಿಂತೇ ಹೇಳಿದೆ, ಎಲ್ಲವನ್ನೂ: ಮೂರು ತಿಂಗಳು, ಸಹಿ, ಅಲ್ಲಿ ಉಳಿದವರಿಗೆ ಈಗ ಆರನೆಯ ತಿಂಗಳು. ನಡುವೆ ಅವಳ ತಾಯಿ ಬಂದು ಬಾಗಿಲಲ್ಲಿ ನಿಂತರು.

ಹುಡುಗಿಯ ಮುಖದಲ್ಲಿ ನಗು ಹೋದದ್ದು ತಕ್ಷಣವಲ್ಲ. ಅವಳು ಮೊದಲು ನಾನು ಏನೋ ತಮಾಷೆ ಮಾಡುತ್ತಿದ್ದೇನೆ ಎಂಬ ಹಾಗೆ ನೋಡಿದಳು. ಆಮೇಲೆ, "ಮತ್ತೆ ಅವತ್ತು ನಿಮ್ಮನೇಲಿ ನಾನು ಕೇಳ್ಲಿಲ್ವಾ?" ಅಂದಳು.

"ನೀನು ಕೇಳಿದೆ."

"ಕೊಡ್ತಾರೆ ಅಂದ್ರಲ್ಲ ನೀವು. ನಾನು ಬರ್ಕಂಡಿದ್ದೆ."

"ಸುಳ್ಳು ಹೇಳಿದೆ. ನನ್ನ ದುಡ್ಡು ಹೋಗ್ತದೆ ಅಂತ ಹೆದರಿ."

ತಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. "ಕುತ್ತಿಗೇಲಿದ್ದದ್ದನ್ನ ಸೊಸೈಟೀಲಿ ಅಡವು ಇಟ್ಟು ಸರ್‌ಗೆ ದುಡ್ಡು ಕೊಟ್ಟಾತು ಅಕ್ಕೋರೆ," ಅಂದರು. "ಇಲ್ಲೀವರೆಗೆ ಬಂದು ಈಗ ಹೇಳೂದಾ? ಇಡೀ ಊರಿಗೆ ಹೇಳಿ ಆತಲ್ಲ ನಾವು."

ನಾನು ತಪ್ಪಾಯಿತು ಎಂದೆ. ಹುಡುಗಿ ಸೂಟ್‌ಕೇಸನ್ನು ಎಳೆದುಕೊಂಡು ಒಳಗೆ ಹೋದಳು. ನಾನು ಹೆದ್ದಾರಿಯವರೆಗೆ ನಡೆದು ಬಂದು ಬಸ್ಸಿಗೆ ಕಾದೆ. ಮನಸ್ಸು ಹಗುರಾಯಿತು ಎಂದರೆ ಸುಳ್ಳಾಗುತ್ತದೆ. ಆಗಲಿಲ್ಲ. ಸರ್‌ಗೆ ಮಾತ್ರ ಅಲ್ಲಿಂದಲೇ ಫೋನು ಮಾಡಿ, ದೂರು ವಾಪಸು ತೆಗೆದುಕೊಳ್ಳುವುದಿಲ್ಲ, ಹುಡುಗಿಗೂ ಹೇಳಿದ್ದೇನೆ ಎಂದೆ. ಆ ಕಡೆಯಿಂದ ಅವರು ಫೋನು ಇಟ್ಟರು. ನನಗೆ ಪಾಠ ಹೇಳಿದವರು ಅವರು. ಆಮೇಲೆ ಈವರೆಗೆ ನನ್ನ ಹತ್ತಿರ ಮಾತಾಡಿಲ್ಲ.

ವಿಚಾರಣೆ ಸಾಹೇಬರ ಮನೆಯಲ್ಲಿ ಕೂತು ವಿಡಿಯೋದಲ್ಲಿ ನಡೆಯಿತು. ಗಂಡ ಅಂಗಡಿ ಮುಚ್ಚಿ ಬಂದರು. ಸಾಹೇಬರು ಕ್ಯಾಮೆರಾಕ್ಕೆ ಕಾಣದ ಹಾಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, "ನನ್ನ ಕಡೆ ನೋಡ್ಬೇಡಿ ಟೀಚರ್. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ, ಹೆಚ್ಚು ಹೇಳ್ಬೇಡಿ," ಅಂದರು. ಪರದೆಯಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯ ಒಬ್ಬ ಅಧಿಕಾರಿ, ಶಾಲೆಯ ಕಡೆಯಿಂದ ಅದೇ ಆಫೀಸಿನವನು. ಅಧಿಕಾರಿ ನಿಧಾನವಾದ ಇಂಗ್ಲಿಷಿನಲ್ಲಿ ಮಾತಾಡಿದರು. ಆಫೀಸಿನವನು ಮೊದಲು ತೋರಿಸಿದ್ದೇ ಆ ಕಾಗದ.

ಇದು ನಿಮ್ಮ ಸಹಿಯೇ ಎಂದು ಅಧಿಕಾರಿ ಕೇಳಿದರು. ಹೌದು ಎಂದೆ. ಒತ್ತಾಯ ಮಾಡಿ ಹಾಕಿಸಿದರೇ ಎಂದು ಕೇಳಿದರು. ಹೌದು ಎನ್ನಲು ಬಾಯಿ ತೆರೆದೆ. ಹೌದು ಅಂದಿದ್ದರೆ ಬಹುಶಃ ಕೆಲಸ ಸುಲಭವಾಗುತ್ತಿತ್ತು. ಆದರೆ ಯಾರೂ ನನ್ನ ಕೈ ಹಿಡಿದಿರಲಿಲ್ಲ. ಇಲ್ಲ, ಟಿಕೆಟ್ಟಿನ ಸಹಿ ಎಂದು ಹೇಳಿದರು, ನಾನು ಓದಿಸದೆ ಹಾಕಿದೆ, ನನಗೆ ಊರಿಗೆ ಹೋಗಬೇಕಾಗಿತ್ತು ಎಂದೆ. ಬಾಗಿಲ ಹತ್ತಿರ ಸಾಹೇಬರು ತಲೆ ತಗ್ಗಿಸಿದ್ದು ಕಣ್ಣಂಚಿಗೆ ಕಂಡಿತು.

ಅಧಿಕಾರಿ ಬ್ಯಾಂಕಿನ ಹಾಳೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಆಫೀಸಿನವನಿಗೆ ಅರಬ್ಬಿಯಲ್ಲಿ ಏನೋ ಕೇಳಿದರು. ಅವನು ಉದ್ದಕ್ಕೆ ಏನೇನೋ ಹೇಳಿದ. ಅವರು ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲ ಅವನು ಬೇಗ ಮುಗಿಸಿದ. ಸಾಹೇಬರು ಮೆಲ್ಲಗೆ ಗಂಡನ ಕೈ ಅದುಮಿದರು. ಆಮೇಲೆ ಸಾಹೇಬರೇ ಹೇಳಿದರು: ಅಧಿಕಾರಿ ಕೇಳಿದ್ದು, ಈ ಮೂರು ತಿಂಗಳು ಬ್ಯಾಂಕಿಗೆ ಹಣ ಹಾಕಿದ ದಾಖಲೆ ನಿಮ್ಮ ಹತ್ತಿರ ಇದೆಯೇ ಎಂದು. ಅವನ ಹತ್ತಿರ ಇರಲಿಲ್ಲ.

ಮೂರು ತಿಂಗಳ ಸಂಬಳ ಕೊಡಲು ಶಾಲೆ ಒಪ್ಪಬೇಕಾಯಿತು. ಕೆಲಸ ಬಿಡುವಾಗ ಸಿಗಬೇಕಾದ ಹಣಕ್ಕೆ ಮಾತ್ರ ಕಾಗದ ಅಡ್ಡ ಬಂತು. ಅದು ಬೇಕಾದರೆ ಅಲ್ಲಿನ ಕೋರ್ಟಿಗೆ ಹೋಗಿ ಎಂದರು. ಸಾಹೇಬರು ಹೋಗುವಾ ಅಂದರು. ಮನೆಯಲ್ಲಿ ಎರಡು ದಿನ ಅದೇ ಮಾತು. ನಾನು ಸಾಕು ಎಂದೆ.

ಎರಡು ತಿಂಗಳದ್ದು ಒಟ್ಟಿಗೆ ಬಂತು. ಮೂರನೆಯದಕ್ಕೆ ಸಾಹೇಬರು ಮತ್ತೆ ನಾಲ್ಕು ಪತ್ರ ಬರೆಯಬೇಕಾಯಿತು. ಕೊನೆಗೆ ಟಿಕೆಟ್ಟಿನ ದುಡ್ಡು ಮುರಿದುಕೊಂಡು ಅದನ್ನೂ ಹಾಕಿದರು. ಸಾಹೇಬರ ಮನೆಗೆ ಏನಾದರೂ ಒಯ್ಯಬೇಕೆಂದು ಹಣ್ಣು, ಒಂದು ಶಾಲು ತೆಗೆದುಕೊಂಡು ಹೋದೆವು. ಹಣ್ಣು ಇಟ್ಟುಕೊಂಡರು, ಶಾಲು ಬೇಡ ಅಂದರು. "ಇನ್ನೂ ಯಾರಾದ್ರೂ ಇದ್ರೆ ಕಳ್ಸಿ. ಬೆಳಗಾದ್ರೆ ನಂಗೆ ಎಂತ ಕೆಲಸ ಇದೆ?" ಅಂದರು. ಕೇರಳದ ಗೆಳತಿಯ ನಂಬರು ಕೊಟ್ಟೆ. ಅವಳು ಮತ್ತೂ ನಾಲ್ಕು ಜನ ಸೇರಿ ಈಗ ದೂರು ಹಾಕಿದ್ದಾರೆ.

ಹಣ ಬಂದ ಮೇಲೂ ನನ್ನ ಓಡಾಟ ನಿಲ್ಲಲಿಲ್ಲ. ಹೊನ್ನಾವರದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದ್ದೆ. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮನೆಗೆ ಹೋಗದೆ ಹಿರೇಗುತ್ತಿಗೆ ಹೋದೆ. ಹುಡುಗಿ ಕೊಲ್ಲಿಗೆ ಹೋಗಲಿಲ್ಲ ಎಂದು ಗೊತ್ತಿತ್ತು. ಮನೆಯಲ್ಲಿ ತಾಯಿ ಒಬ್ಬರೇ ಇದ್ದರು. ಕೂರಿ ಅಂದರು.

"ಅವಳು ಇಲ್ಲೇ ಒಂದು ಖಾಸಗಿ ಶಾಲೆಗೆ ಹೋಗ್ತಾಳೆ. ಬಸ್ಸಿಗೆ ಕಳೆದ್ರೆ ಕೈಗೆ ಎಂತ ಉಳೀತದೆ ಅಕ್ಕೋರೆ? ಸರ್ ಅರ್ಧ ದುಡ್ಡು ವಾಪಸ್ ಕೊಟ್ರು. ಇನ್ನರ್ಧ ವೀಸಾಕ್ಕೆ ಖರ್ಚಾತು ಅಂತ್ರು." ಆಮೇಲೆ, "ನಿಮ್ದು ಬಂತಾ?" ಎಂದು ಕೇಳಿದರು.

"ಬಂತು."

"ಬಂತಲ್ಲ, ಆತು," ಅಂದರು. ಅದರಲ್ಲಿ ಸಿಟ್ಟಿತ್ತೋ ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ.

ಉಳಿದ ಅರ್ಧವನ್ನು ಕೇಳೋಣ, ವೀಸಾಕ್ಕೆ ಎಷ್ಟು ಖರ್ಚಾಯಿತೆಂದು ಸರ್ ರಸೀದಿ ತೋರಿಸಲಿ, ಪತ್ರ ನಾನು ಬರೆದುಕೊಡುತ್ತೇನೆ, ಬೇಕಾದರೆ ಜೊತೆಗೆ ಬರುತ್ತೇನೆ ಎಂದೆ. ಅವರು ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದರು.

"ನಾಳೆ ರವಿವಾರ, ಅವಳು ಮನೇಲಿರ್ತಾಳೆ. ಬನ್ನಿ. ನಿಮ್ಮತ್ರ ಮಾತಾಡ್ತಾಳೋ ಇಲ್ವೋ, ಅದು ನಂಗೆ ಗೊತ್ತಿಲ್ಲ."

ಮರುದಿನ ಮೊದಲ ಬಸ್ಸಿಗೇ ಹೋದೆ. ಹುಡುಗಿ ಹೊರಗೆ ಬಂದು, ನನಗೆ ಒಂದು ಕುರ್ಚಿ ಹಾಕಿ, ಸ್ವಲ್ಪ ದೂರದಲ್ಲಿ ತಾನೂ ಕೂತಳು. ಹೇಗಿದ್ದೀರಿ ಎಂದು ಕೇಳಲಿಲ್ಲ. ಸರ್‌ಗೆ ಹಣ ಕೊಟ್ಟ ಬ್ಯಾಂಕಿನ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿ ತಂದಿದ್ದಳು.

"ಪತ್ರ ನಾನು ಹೇಳ್ತೆ, ನೀವು ಬರೀರಿ," ಅಂದಳು. ನಾನು ಪೆನ್ನು ತೆಗೆದೆ.